ಇಬ್ಬರ ಅಳತೆಯ ಸೀಟು

ಬಯಲುಸೀಮೆಯ ಒಂದು ಊರಿನಲ್ಲಿ ಒಂದು ಇಂಜಿನಿಯರಿಂಗ್ ಕಾಲೇಜು. ಅಲ್ಲಿಯ ಹುಡುಗರು ಹುಡುಗಿಯರು ಸೇರಿ ಒಂದು ಓಟದ ಗಾಡಿ ಕಟ್ಟುತ್ತಿದ್ದರು.

ಗಾಡಿ ಅಂದರೆ ದೊಡ್ಡದೇನಲ್ಲ. ಎರಡು ಮಂಚ ಉದ್ದಕ್ಕೆ ಇಟ್ಟರೆ ಅದಕ್ಕಿಂತ ಚಿಕ್ಕದು. ಮೇಲೆ ಮುಚ್ಚಳ ಇಲ್ಲ. ಬಾಗಿಲು ಇಲ್ಲ. ಒಂದೇ ಸೀಟು. ಕಬ್ಬಿಣದ ಪೈಪು ಕತ್ತರಿಸಿ, ಬಾಗಿಸಿ, ವೆಲ್ಡಿಂಗ್ ಮಾಡಿ ಪಂಜರದ ಹಾಗೆ ಕಟ್ಟುತ್ತಾರೆ. ಹಿಂದೆ ಮೋಟರ್‌ಸೈಕಲ್ಲಿನ ಇಂಜಿನ್ ಕೂಡಿಸುತ್ತಾರೆ. ಓಡಿಸುವವರು ಕಾಲು ಮುಂದೆ ಚಾಚಿ, ಅರ್ಧ ಮಲಗಿದ ಹಾಗೆ ಕೂರಬೇಕು. ಹೆಗಲಿಗೆ, ಸೊಂಟಕ್ಕೆ, ತೊಡೆಗೆ ಪಟ್ಟಿ ಬಿಗಿಯಬೇಕು.

ವರ್ಷಕ್ಕೊಮ್ಮೆ ದೂರದ ಊರಿನಲ್ಲಿ ಪಂದ್ಯ. ಎಲ್ಲೆಲ್ಲಿಯ ಕಾಲೇಜುಗಳಿಂದಲೋ ಇಂಥ ಗಾಡಿ ಬರುತ್ತವೆ. ಸಣ್ಣ ಓಟಗಳು ಕೆಲವು ಇವೆ. ಕೊನೆಗೆ ದೊಡ್ಡ ಓಟ. ದೊಡ್ಡ ಓಟಕ್ಕೆ ಒಂದು ನಿಯಮ ಇದೆ ನೋಡಿ. ಅರ್ಧ ದಾರಿ ಒಬ್ಬರು ಓಡಿಸಬೇಕು. ನಡುವೆ ನಿಲ್ಲಿಸಿ ಇಳಿಯಬೇಕು. ಉಳಿದ ಅರ್ಧ ಇನ್ನೊಬ್ಬರು ಓಡಿಸಬೇಕು. ಇಳಿದು ಹತ್ತಲು ಕೊಡುವ ಹೊತ್ತು ಬಹಳ ಕಡಿಮೆ. ಒಂದು ಲೋಟ ಬಿಸಿ ಚಹಾ ಕುಡಿದು ಮುಗಿಯುವುದಿಲ್ಲ, ಅಷ್ಟೇ.

ಈ ಕಾಲೇಜಿನ ಗಾಡಿ ಒಂದು ವರ್ಷವೂ ದೊಡ್ಡ ಓಟ ಮುಗಿಸಿರಲಿಲ್ಲ. ಒಂದು ವರ್ಷ ಚೈನ್ ಕಡಿಯಿತು. ಇನ್ನೊಂದು ವರ್ಷ ಎಣ್ಣೆ ಸೋರಿತು ಅಂತ ನಿಲ್ಲಿಸಿದರು. ಹೋದ ವರ್ಷ ಒಂದು ಗಾಲಿ ಕಳಚಿ, ಉರುಳಿ ಉರುಳಿ, ಬೇರೆ ಕಾಲೇಜಿನವರ ಟೆಂಟಿನೊಳಗೆ ಹೋಗಿ ಮಲಗಿತು. ಅದನ್ನು ಕೇಳಿ ತರಲು ಹೋದವನು ಬಸವಂತ. ಅವರು ಗಾಲಿ ಕೊಟ್ಟರು. ಕೊಟ್ಟು ನಕ್ಕರು. ಆ ನಗು ಬಸವಂತನ ತಲೆಯಲ್ಲಿ ಉಳಿಯಿತು.

ಈ ವರ್ಷ ಬಸವಂತನೇ ಕ್ಯಾಪ್ಟನ್. ಅವನಿಗೆ ಇದು ಕಾಲೇಜಿನ ಕೊನೆಯ ವರ್ಷ. ಮುಂದಿನ ವರ್ಷಕ್ಕೆ ಅವನು ಇರುವುದಿಲ್ಲ.

"ಈ ಸಲ ದೊಡ್ಡ ಓಟ ಮುಗಿಸೂದ. ಎಷ್ಟನೇದರ ಬರ್ಲಿ, ಮುಗಿಸೂದು" ಅಂದ.

ಬಸವಂತ ಸಣ್ಣ ಆಳು. ಕುಳ್ಳ, ಹಗುರ, ಚುರುಕು. ಓಡಿಸಲು ಕೂತರೆ ಗಾಡಿಗೇ ಅಂಟಿಕೊಂಡ ಹಾಗೆ ಕೂರುತ್ತಿದ್ದ. ಎರಡನೆಯ ಸರದಿಗೆ ತಸ್ಲೀಮಾ ಅನ್ನುವ ಹುಡುಗಿ. ಅವನಿಗಿಂತ ಒಂದು ವರ್ಷ ಹಿಂದಿನವಳು. ಅವಳ ಅಪ್ಪನದು ಅವರೂರಿನ ಪೇಟೆಯಲ್ಲಿ ಗಾದಿ ಹೊಲಿಯುವ ಅಂಗಡಿ. ಹುಡುಗಿ ಉದ್ದ. ಕಾಲು ಇನ್ನೂ ಉದ್ದ. ತಲೆ ತಣ್ಣಗೆ ಇಟ್ಟುಕೊಂಡು ಓಡಿಸುತ್ತಾಳೆ ಅಂತ ಬಸವಂತನೇ ಅವಳನ್ನು ಆರಿಸಿದ್ದ.

ಇಂಥ ಗಾಡಿ ಕಟ್ಟುವವರಿಗೆ ಒಂದು ಹುಚ್ಚು ಇರುತ್ತದೆ. ತೂಕದ ಹುಚ್ಚು. ತೂಕ ಇಳಿದಷ್ಟೂ ಗಾಡಿ ಓಡುತ್ತದೆ. ಬಸವಂತ ಶೆಡ್ಡಿನಲ್ಲಿ ಒಂದು ತಕ್ಕಡಿ ಇಟ್ಟ. ಬೋಲ್ಟ್ ತೂಗಿದ. ನಟ್ ತೂಗಿದ. ತಗಡಿಗೆ ತೂತು ಕೊರೆದು ಮತ್ತೆ ತೂಗಿದ.

ವೆಲ್ಡಿಂಗ್ ಮಾಡುವ ಕಲ್ಮೇಶ ಅವನ ಕ್ಲಾಸಿನವನೇ. ಬಾಯಿ ಜೋರು.

"ಲೇ, ಉಂಡು ಬಂದರ ಈ ಕಡೆ ಸುಳೀಬ್ಯಾಡ್ರಿ. ಹಿಡದು ತೂಗತಾನ. ಹೊಟ್ಟಿಗೂ ತೂತು ಕೊರೀತಾನ" ಅನ್ನುತ್ತಿದ್ದ.

ತೂಕ ಇಳಿಸಲು ಬಸವಂತ ಗಾಡಿಯ ಮುಂಭಾಗವನ್ನೇ ಗಿಡ್ಡ ಮಾಡಿದ. ತನ್ನ ಕಾಲು ಎಲ್ಲಿಗೆ ಮುಗಿಯುತ್ತದೋ ಅಲ್ಲಿಗೆ ಗಾಡಿ ಮುಗಿಯಬೇಕು. ಅದರ ಮುಂದೆ ಪೈಪು ಯಾಕೆ, ಸುಮ್ಮನೆ ಭಾರ. ಹಾಗೆ ಲೆಕ್ಕ ಹಾಕಿದ.

ಆಮೇಲೆ ಸೀಟು ಮಾಡಿದರು. ಅದನ್ನು ಮಾಡುವ ಬಗೆ ಕೇಳಿದರೆ ನಿಮಗೆ ನಗು ಬರುತ್ತದೆ. ಸೀಟಿನ ಜಾಗದಲ್ಲಿ ದೊಡ್ಡ ಪ್ಲಾಸ್ಟಿಕ್ ಚೀಲ ಇಡುತ್ತಾರೆ. ಎರಡು ಥರದ ದ್ರವ ಕಲಸಿ ಅದರೊಳಗೆ ಸುರಿಯುತ್ತಾರೆ. ಅದು ಇಡ್ಲಿ ಹಿಟ್ಟಿನ ಹಾಗೆ ಉಬ್ಬುತ್ತದೆ. ಉಬ್ಬುತ್ತಿರುವಾಗಲೇ ಅದರ ಮೇಲೆ ಕೂರಬೇಕು. ಅಲುಗಾಡಬಾರದು. ಗಟ್ಟಿಯಾದಾಗ ಕೂತವನ ಬೆನ್ನು, ಸೊಂಟ, ತೊಡೆ ಎಲ್ಲದರ ಅಚ್ಚು ಬಿದ್ದಿರುತ್ತದೆ.

ಬಸವಂತ ಕೂತ.

"ಬಿಸಿ ಹತ್ತಾಕತ್ತೈತಲೇ!" ಅಂದ.

"ಮಿಸುಕಬ್ಯಾಡ. ಇಡ್ಲಿ ಕೆಡತೈತಿ" ಅಂದ ಕಲ್ಮೇಶ.

ಸೀಟು ಚೆಂದ ಆಯಿತು. ಬಸವಂತನ ಹಿಂದಿನ ಜೇಬಿನಲ್ಲಿದ್ದ ಬೀಗದ ಕೈಯ ಗುರುತು ಕೂಡ ಅದರಲ್ಲಿ ಮೂಡಿತ್ತು.

ಇವರಿಗೆ ಇನಾಮದಾರ ಅನ್ನುವ ಒಬ್ಬ ಮೇಷ್ಟ್ರು. ಮಾತು ಕಡಿಮೆ. ದಿನಾ ಸಂಜೆ ಬರುತ್ತಿದ್ದರು, ನೋಡುತ್ತಿದ್ದರು, ಹೋಗುತ್ತಿದ್ದರು. ಆವತ್ತೂ ಬಂದರು. ಸೀಟಿನ ಮೇಲೆ ಕೈ ಆಡಿಸಿದರು.

"ಛಲೋ ಆಗೇದ. ಈಗ ನೀ ಇಳಿ. ಆಕಿ ಕೂಡ್ಲಿ" ಅಂದರು.

"ಹಬ್ಬಕ್ಕ ಮನೀಗೆ ಹೋಗ್ಯಾಳ್ರಿ ಸರ್. ಬಂದ ಮ್ಯಾಲೆ ನೋಡೂಣ್ರಿ."

ತಸ್ಲೀಮಾ ಹಬ್ಬ ಮುಗಿಸಿ ಬಂದಳು. ಗಾಡಿಗೆ ಆಗ ಗಾಲಿ ಕೂಡಿಸುತ್ತಿದ್ದರು. ಸರ್ ಮತ್ತೆ ಅದೇ ಮಾತು ಅಂದರು. ಬಸವಂತ, ಗಾಲಿ ಆಗಲಿ ಅಂದ. ಗಾಲಿ ಆಯಿತು. ಬ್ರೇಕ್ ಆಗಲಿ ಅಂದ.

"ಅಣ್ಣಾ, ಒಮ್ಮೆ ಕೂತ ನೋಡ್ಲೇನು?" ಅಂತ ತಸ್ಲೀಮಾನೂ ಕೇಳಿದಳು.

"ನೀ ಏನು, ಸ್ವಲ್ಪ ಮುದುಡಿ ಕೂತರಾತು" ಅಂದ ಬಸವಂತ.

ಅವನು ಕೆಟ್ಟವನಲ್ಲ. ಗಾಡಿಯ ಮೇಲೆ ಅವನ ಕಣ್ಣು ಇತ್ತು. ಇನ್ನೊಬ್ಬರ ಕಾಲಿನ ಮೇಲೆ ಇರಲಿಲ್ಲ.

ಗಾಡಿ ತಯಾರಾಯಿತು. ಒಂದು ಬೆಳಿಗ್ಗೆ ಕಾಲೇಜಿನ ಮೈದಾನಕ್ಕೆ ತಂದರು. ಬಸವಂತ ಓಡಿಸಿದ. ಎಂಥ ಓಟ ಅಂತೀರಿ! ಧೂಳು ಎದ್ದಿತು. ತಿರುವಿನಲ್ಲಿ ಗುರುತಿಗೆ ಇಟ್ಟ ಒಂದು ಪ್ಲಾಸ್ಟಿಕ್ ಕೋನನ್ನೂ ಮುಟ್ಟಲಿಲ್ಲ. ಕ್ಯಾಂಟೀನಿನವರು ಸೌಟು ಹಿಡಿದುಕೊಂಡೇ ಹೊರಗೆ ಬಂದು ನೋಡಿದರು. ಬಸವಂತನ ಮುಖ ಹೆಲ್ಮೆಟ್ಟಿನೊಳಗೆ ಅರಳಿತ್ತು.

"ಈಗ ಇಳಿ. ಆಕಿ ಕೂಡ್ಲಿ" ಅಂದರು ಸರ್.

ಈಗ ಮುಂದೆ ಹಾಕಲು ಏನೂ ಉಳಿದಿರಲಿಲ್ಲ. ಬಸವಂತ ಇಳಿದ.

ತಸ್ಲೀಮಾ ಒಂದು ಕಾಲು ಇಟ್ಟಳು. ಇನ್ನೊಂದು ಇಟ್ಟಳು. ಮೊಣಕಾಲು ಸ್ಟೇರಿಂಗಿಗೆ ಬಡಿಯಿತು. ಹಿಂದೆ ಸರಿಯೋಣ ಅಂದರೆ ಬಸವಂತನ ಬೆನ್ನಿನ ಅಚ್ಚು ಅವಳ ಬೆನ್ನನ್ನು ಮುಂದೆ ನೂಕಿತು. ಪಾದ ಬ್ರೇಕಿನ ಮೇಲೆ ನೆಟ್ಟಗೆ ಕೂರಲಿಲ್ಲ. ಆದರೂ ಓಡಿಸಿದಳು. ಮೊದಲನೆಯ ತಿರುವಿನಲ್ಲಿ ಸ್ಟೇರಿಂಗ್ ಮೊಣಕಾಲಿಗೆ ಸಿಕ್ಕಿಕೊಂಡಿತು. ಕೋನುಗಳು ಹಾರಿದವು.

ಇನ್ನೂ ಒಂದು ನಿಯಮ ಇದೆ. ಬೆಂಕಿ ಗಿಂಕಿ ಹತ್ತಿದರೆ ಅಂತ, ಐದು ಎಣಿಸುವುದರೊಳಗೆ ಓಡಿಸುವವರು ಹೊರಗೆ ಬರಬೇಕು. ಬರದಿದ್ದರೆ ಪಂದ್ಯಕ್ಕೆ ಬಿಡುವುದಿಲ್ಲ. ಕಲ್ಮೇಶ ಎಣಿಸಿದ. ಐದು ಆಯಿತು. ಹತ್ತು ಆಯಿತು. ತಸ್ಲೀಮಾಳ ಕಾಲು ಬರಲಿಲ್ಲ. ಇಬ್ಬರು ತೋಳು ಹಿಡಿದು ಎಳೆದರು. ಒಂದು ಬೂಟು ಒಳಗೇ ಉಳಿಯಿತು.

ಎಲ್ಲರೂ ನಕ್ಕರು. ತಸ್ಲೀಮಾನೂ ನಕ್ಕಳು. ಬೂಟು ಹಾಕಿಕೊಳ್ಳುವಾಗ ನಗು ನಿಂತಿತು.

"ಅಣ್ಣಾ, ಇದರಾಗ ನಾ ಹಿಡಿಯೂದಿಲ್ಲ" ಅಂದಳು.

ಪಂದ್ಯ ಹತ್ತಿರ ಬಂದಿತ್ತು. ಕಲ್ಮೇಶ ತಲೆ ಕೆರೆದುಕೊಂಡು ಒಂದು ದಾರಿ ಹೇಳಿದ.

"ಫಸ್ಟ್ ಇಯರ್‌ದಾಗ ಒಬ್ಬ ಅದಾನ. ಬಸವಂತನಷ್ಟ ಅದಾನ, ಅಳತಿ ಹಿಡದಂಗ. ಓಡಿಸಿ ರೂಢಿ ಇಲ್ಲ. ಆದರ ಹಿಡೀತಾನ. ಮೆಲ್ಲಕ ಹೊಡಕೊಂಡು ಬರ್ಲಿ."

ಬಸವಂತನಿಗೆ ಅದು ಸರಿ ಅನ್ನಿಸಿತು. ಗಾಡಿ ಕತ್ತರಿಸುವುದು ಬೇಡ. ತೂಕ ಹಾಗೇ ಇರುತ್ತದೆ. ತಸ್ಲೀಮಾಳ ಹತ್ತಿರ ಹೋಗಿ ಹೇಳಿದ.

ಅವಳು ಜಗಳ ಆಡಲಿಲ್ಲ. ಕೈಗವಸು ಬಿಚ್ಚಿದಳು. ಹೆಲ್ಮೆಟ್ಟನ್ನು ಸೀಟಿನ ಮೇಲೆ ಇಟ್ಟಳು.

"ಆತು ಅಣ್ಣಾ. ನಾ ಗಾಲಿ ಕಡೆ ಇರ್ತೀನಿ. ಈ ಸಲ ಗಾಲಿ ಯಾರ ಟೆಂಟಿಗೂ ಹೋಗಬಾರದು ನೋಡು" ಅಂದಳು.

ಹೋಗಿ ಪಾನಾ ಹಿಡಿದು ನಟ್ ಬಿಗಿಯುತ್ತ ಕೂತಳು.

ಬೈದಿದ್ದರೆ ಬಸವಂತ ತಡೆದುಕೊಳ್ಳುತ್ತಿದ್ದ. ಬೈಯಲಿಲ್ಲ. ಅವನಿಗೆ ಆವತ್ತು ಊಟ ಸೇರಲಿಲ್ಲ.

ಸಂಜೆ ಸರ್ ಬಂದರು. ಬಸವಂತ ಗಾಡಿಯ ಪಕ್ಕ ನೆಲದ ಮೇಲೆ ಕೂತಿದ್ದ. ಸರ್ ಕೂಡ ನೆಲದ ಮೇಲೇ ಕೂತರು.

"ಬಸವಂತ, ಅರ್ಧ ಓಟ ಆದ ಮ್ಯಾಲೆ ನೀ ಎಲ್ಲಿರ್ತೀ?" ಅಂದರು.

"ಹೊರಗ ಇರ್ತೀನ್ರಿ ಸರ್."

"ಗಾಡಿ?"

"ಒಳಗ, ಟ್ರ್ಯಾಕಿನ ಮ್ಯಾಲೆ."

"ನಿನಗ ಮುಗಿಸೂದು ಬೇಕಲ್ಲ? ಆ ಅರ್ಧದಾಗ ನೀ ಇರೂದಿಲ್ಲ. ಮುಗಿಸಾಕಿ ಆಕಿ. ಆಕಿ ಕೂಡಾಕ ನೀ ಏನ್ ಮಾಡಿಟ್ಟೀ?"

ಸರ್ ಎದ್ದು, ಪ್ಯಾಂಟಿನ ಧೂಳು ಕೊಡವಿಕೊಂಡು ಹೋದರು.

ಅವನು ಗಾಡಿ ನೋಡಿದ. ಸೀಟು ನೋಡಿದ. ತನ್ನದೇ ಬೆನ್ನು, ತನ್ನದೇ ತೊಡೆ, ತನ್ನದೇ ಬೀಗದ ಕೈ. ಇಡೀ ಗಾಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಹುಡುಗರು ಶೆಡ್ಡಿಗೆ ಬಂದರು. ಬಸವಂತ ಗರಗಸ ಹಿಡಿದು ತನ್ನ ಸೀಟನ್ನು ತಾನೇ ಕೊಯ್ಯುತ್ತಿದ್ದ.

"ಲೇ, ಹುಚ್ಚ ಹಿಡೀತೇನಲೇ?" ಅಂದ ಕಲ್ಮೇಶ.

"ಮುಂದಿನ ಪೈಪ್ ಕತ್ತರಿಸು. ಒಂದು ಗೇಣು ಉದ್ದ ಮಾಡೂಣು."

"ತೂಕ ಏರತೈತಿ."

"ಏರ್ಲಿ."

"ಸಣ್ಣ ಓಟದಾಗ ಹಿಂದ ಬೀಳ್ತೀವಿ."

"ಬೀಳೂಣು. ಏ ತಸ್ಲೀಮಾ, ಪಾನಾ ಅಲ್ಲೇ ಇಡು. ಇಲ್ಲಿ ಬಾ. ನಿನ್ನ ಕಾಲು ಎಲ್ಲಿಗೆ ಮುಗೀತಾವು ನೋಡೂಣು."

"ಅಣ್ಣಾ, ಅವು ಲಗೂನ ಮುಗಿಯೂದಿಲ್ಲ" ಅಂದಳು ತಸ್ಲೀಮಾ. ಓಡಿ ಬಂದಳು.

ಮುಂಭಾಗ ಕತ್ತರಿಸಿ ಉದ್ದ ಮಾಡಿದರು. ಸೀಟಿನ ಅಚ್ಚನ್ನು ಈಗ ತಸ್ಲೀಮಾಳನ್ನು ಕೂರಿಸಿ ತೆಗೆದರು. ಬ್ರೇಕು, ಆಕ್ಸಿಲರೇಟರ್ ಎರಡನ್ನೂ ಹಿಂದೆ ಮುಂದೆ ಸರಿಯುವ ಹಾಗೆ ಮಾಡಿದರು. ಒಂದು ಪಿನ್ ಕಿತ್ತು, ಸರಿಸಿ, ಮತ್ತೆ ಚುಚ್ಚಿದರೆ ಆಯಿತು.

ಈಗ ಆ ದೊಡ್ಡ ಸೀಟಿನಲ್ಲಿ ಬಸವಂತ ಕೂತರೆ ಡಬ್ಬಿಯೊಳಗಿನ ಒಂದೇ ಲಡ್ಡಿನ ಹಾಗೆ ಹೊರಳಾಡುತ್ತಿದ್ದ. ಅದಕ್ಕೆ ತಸ್ಲೀಮಾ ಒಂದು ದಿಂಬು ಹೊಲಿದಳು. ಬೆಂಕಿ ಹಿಡಿಯದ ಬಟ್ಟೆ ತಂದು, ಅಪ್ಪನ ಅಂಗಡಿಯ ದಬ್ಬಣ ತಂದು, ಅವನ ಬೆನ್ನಿಗೆ ಸರಿಯಾಗಿ ಹೊಲಿದಳು. ಅವನು ಕೂರುವಾಗ ದಿಂಬು ಇಡುವುದು. ಇಳಿಯುವಾಗ ಕಿತ್ತುಕೊಂಡು ಇಳಿಯುವುದು.

"ಬರ್ರಿ ಸರದಾರ್ರ, ಗಾದಿ ಹಾಸೈತಿ" ಅಂತ ಕಲ್ಮೇಶ ಕಾಡಿಸಿದ.

ಕಾಡಿಸಿದರೆ ಬಸವಂತ ಈಗ ನಗುತ್ತಿದ್ದ.

ಆಮೇಲೆ ದಿನಾ ಇಳಿದು ಹತ್ತುವ ಅಭ್ಯಾಸ. ಅಲ್ಲಿ ಇನ್ನೊಂದು ತೊಡಕು ಬಂತು. ಪ್ರತಿ ಸಲವೂ ತಡ ಆಗುತ್ತಿತ್ತು. ಯಾಕೆ ಅಂತ ತಿಳಿಯಲಿಲ್ಲ. ಬಸವಂತ ಮಂಗನ ಹಾಗೆ ಚಂಗನೆ ಹೊರಗೆ ಹಾರುತ್ತಿದ್ದ. ತಸ್ಲೀಮಾನೂ ಬೇಗ ಒಳಗೆ ಇಳಿಯುತ್ತಿದ್ದಳು. ಆದರೂ ತಡ. ಕೊನೆಗೆ ತಸ್ಲೀಮಾನೇ ಹೇಳಿದಳು.

"ಅಣ್ಣಾ, ಪಟ್ಟಿ ನಿನ್ನ ಮೈಗೆ ಬಿಗಿದದ್ದು ಹಂಗ ಇರ್ತಾವು. ಒಂದೊಂದು ಹಿಡದು ನಾ ಎಳೀಬೇಕು. ಅವುಗಳ ಮ್ಯಾಲೆ ಕೂತರ ಕೈ ಹೋಗೂದಿಲ್ಲ."

ಬಸವಂತ ಯೋಚಿಸಿದ. ಅವನು ಹಾರಿ ಇಳಿಯುವುದನ್ನು ಬಿಟ್ಟ. ಗಾಡಿ ನಿಂತ ಕೂಡಲೇ, ಕೂತಲ್ಲಿಯೇ, ಹೆಗಲ ಪಟ್ಟಿ ಕೊನೆತನಕ ಸಡಿಲು ಮಾಡಿದ. ಸೊಂಟದ್ದು ಸಡಿಲು ಮಾಡಿದ. ತೊಡೆಯದು ಮಾಡಿದ. ಎಲ್ಲವನ್ನೂ ಅತ್ತ ಇತ್ತ ಬಿಡಿಸಿ ಇಟ್ಟು, ದಿಂಬು ಕಿತ್ತುಕೊಂಡು ಇಳಿದ.

ಅವನು ಇಳಿಯುವುದು ತಡ ಆಯಿತು. ಎಲ್ಲ ಸೇರಿ ಬೇಗ ಆಯಿತು.

ಕೂತವನ ಕೈಗೆ ಅದು ಒಂದು ಗಳಿಗೆಯ ಕೆಲಸ. ಬರುವವರಿಗೆ ಅದೇ ದೊಡ್ಡ ಕೆಲಸ.

ಪಂದ್ಯಕ್ಕೆ ಹೋದರು. ಹೋದ ವರ್ಷದ ಪಕ್ಕದ ಟೆಂಟಿನವರು ಈ ವರ್ಷವೂ ಪಕ್ಕದಲ್ಲೇ ಇದ್ದರು. "ಗಾಲಿಯವರು ಬಂದರು" ಅಂತ ನಕ್ಕರು. ಸಣ್ಣ ಓಟಗಳಲ್ಲಿ ಇವರ ಗಾಡಿ ಹಿಂದೆ ಬಿತ್ತು. ತೂಕ ತೂಕವೇ. ಬಸವಂತನಿಗೆ ಮನಸ್ಸು ಸಣ್ಣದಾಯಿತು. ಮೊದಲಿನ ಗಿಡ್ಡ ಗಾಡಿಯೇ ಇದ್ದಿದ್ದರೆ ಅಂತ ಒಮ್ಮೆ ಅಂದುಕೊಂಡ.

ದೊಡ್ಡ ಓಟ ಶುರುವಾಯಿತು. ಬಿಸಿಲು ಸುಡುತ್ತಿತ್ತು. ಒಂದು ಗಾಡಿಯ ಚೈನ್ ಹೋಯಿತು. ಒಂದು ಗಾಡಿ ಹೊಗೆ ಬಿಟ್ಟು ನಿಂತಿತು. ಬಸವಂತ ಓಡಿಸಿದ. ಅವಸರ ಮಾಡಲಿಲ್ಲ. ಅರ್ಧ ದಾರಿ ಮುಗಿಸಿ ಬಂದು ನಿಲ್ಲಿಸಿದ.

ಹೊರಗೆ ಎಲ್ಲರೂ ಕೂಗುತ್ತಿದ್ದರು. ಇಳಿ, ಇಳಿ ಅಂತ. ಆದರೂ ಅವನು ಕೂತಲ್ಲಿಯೇ ಪಟ್ಟಿ ಸಡಿಲು ಮಾಡಿದ. ಒಂದನ್ನೂ ಬಿಡಲಿಲ್ಲ. ದಿಂಬು ಕಿತ್ತುಕೊಂಡು ಇಳಿದ. ಕಲ್ಮೇಶ ಪಿನ್ ಕಿತ್ತು ಬ್ರೇಕು, ಆಕ್ಸಿಲರೇಟರ್ ಮುಂದೆ ಸರಿಸಿದ. ತಸ್ಲೀಮಾ ಒಳಗೆ ಇಳಿದು, ಕಾಲು ಚಾಚಿ, ಪಟ್ಟಿ ಬಿಗಿದಳು. ಗುಂಡಿ ಒತ್ತಿದಳು.

ಇಂಜಿನ್ ಹತ್ತಲಿಲ್ಲ.

ಕಾದ ಇಂಜಿನ್ ಹಾಗೇ. ಇನ್ನೊಮ್ಮೆ ಒತ್ತಿದಳು. ಹತ್ತಲಿಲ್ಲ. ಬಸವಂತ ಒಂದು ಹೆಜ್ಜೆ ಮುಂದೆ ಬಂದ. ನಿಯಮ ನೆನಪಾಯಿತು. ಇಳಿದವರು ಇನ್ನು ಗಾಡಿ ಮುಟ್ಟುವ ಹಾಗಿಲ್ಲ. ಕೂಗಿ ಹೇಳೋಣ ಅಂದರೆ ಹೆಲ್ಮೆಟ್ಟಿನೊಳಗೆ ಕೇಳುವುದಿಲ್ಲ. ಅವನು ದಿಂಬು ಅಪ್ಪಿಕೊಂಡು ನಿಂತ.

ಅವನು ಮೈದಾನದಲ್ಲಿ ಅವಳಿಗೆ ಎಷ್ಟೋ ಸಲ ಹೇಳಿದ್ದ. ಬಿಸಿ ಇದ್ದಾಗ ಆಕ್ಸಿಲರೇಟರ್ ಸ್ವಲ್ಪವೇ ಒತ್ತಿ ಹಿಡಿ, ಜಾಸ್ತಿ ಬೇಡ, ಆಮೇಲೆ ಗುಂಡಿ ಒತ್ತು. ಅವಳು ಹಾಗೇ ಮಾಡಿದಳು. ಪಾದ ಎಲ್ಲಿ ಇರಬೇಕೋ ಅಲ್ಲಿ ಇತ್ತು. ಎಷ್ಟು ಬೇಕೋ ಅಷ್ಟೇ ಒತ್ತಿತು. ಗಾಡಿ ಗಿಡ್ಡ ಇದ್ದಾಗ ಅದು ಆಗುತ್ತಿರಲಿಲ್ಲ. ಇಂಜಿನ್ ಕೆಮ್ಮಿತು. ಹತ್ತಿತು.

ಹೋದಳು.

ಉಳಿದ ಅರ್ಧವನ್ನು ಬಸವಂತ ಹೊರಗೆ ನಿಂತು ನೋಡಿದ. ಸುತ್ತು ಬಂದಾಗೊಮ್ಮೆ ಗಾಡಿ ಕಾಣುತ್ತಿತ್ತು. ಹೋದಾಗ ಕಾಣುತ್ತಿರಲಿಲ್ಲ. ಸರ್ ಪಕ್ಕಕ್ಕೆ ಬಂದು ನಿಂತರು.

ಗಾಡಿ ಮುಗಿಸಿತು. ಎಷ್ಟನೆಯದು ಅಂತ ಕೇಳಬೇಡಿ. ನಡುವೆ ಎಲ್ಲೋ. ಆದರೆ ಆ ಕಾಲೇಜಿನ ಗಾಡಿ ಮೊದಲ ಸಲ ಕೊನೆಯ ಬಾವುಟ ದಾಟಿತು. ಕಲ್ಮೇಶ ಅಲ್ಲೇ ಕುಣಿದ. ಪಕ್ಕದ ಟೆಂಟಿನವರು ಚಪ್ಪಾಳೆ ತಟ್ಟಿದರು. ಅವರ ಗಾಡಿ ನಡುವೆಯೇ ನಿಂತಿತ್ತು. ಆದರೂ ತಟ್ಟಿದರು.

ಎಲ್ಲರೂ ಗಾಡಿಯ ಹತ್ತಿರ ಓಡಿದರು. ತಸ್ಲೀಮಾ ಇನ್ನೂ ಇಳಿದಿರಲಿಲ್ಲ. ತಲೆ ಬಗ್ಗಿಸಿ ಏನೋ ಮಾಡುತ್ತಿದ್ದಳು. ಬಸವಂತ ಬಗ್ಗಿ ನೋಡಿದ. ಅವಳು ಪಟ್ಟಿ ಸಡಿಲು ಮಾಡುತ್ತಿದ್ದಳು. ಒಂದೊಂದಾಗಿ, ಕೊನೆತನಕ.

"ಓಟ ಮುಗೀತಲ್ಲ ತಸ್ಲೀಮಾ, ಇನ್ನ್ಯಾಕ ಸಡಿಲ ಮಾಡಾಕತ್ತೀ?" ಅಂದ.

"ರೂಢಿ ಆಗೈತಿ ಅಣ್ಣಾ. ಮುಂದಿನ ವರ್ಷ ಯಾರು ಕೂಡ್ತಾರೋ ಏನೋ" ಅಂದಳು.

ಬಸವಂತ ಕೈಯಲ್ಲಿದ್ದ ದಿಂಬನ್ನು ನೆಲದ ಮೇಲೆ ಇಟ್ಟು, ಅದರ ಮೇಲೆ ಕೂತ. ಮುಖ ಒರೆಸಿಕೊಂಡ. ನಗುತ್ತಿದ್ದ.

ಮಕ್ಕಳೇ, ಗಾಡಿಯಲ್ಲಿ ಮಾತ್ರ ಹೀಗೆ ಅಂತ ತಿಳಿಯಬೇಡಿ. ಮನೆಯಲ್ಲೂ ಒಬ್ಬರು ಇಳಿಯುತ್ತಾರೆ, ಒಬ್ಬರು ಉಳಿಯುತ್ತಾರೆ. ನಮ್ಮ ಮನೆಯಾಕೆ ಕೊನೆಯ ಸಲ ಹಾಸಿಗೆ ಹಿಡಿಯುವ ಮೊದಲು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿನ ಹಲಗೆಗೆ ಇಳಿಸಿದ್ದಳು. ನನ್ನ ಭುಜ ಮೇಲೆ ಏಳುವುದಿಲ್ಲ. ಯಾಕೆ ಇಳಿಸಿದೆ ಅಂದೆ. ಸುಮ್ಮನೆ ಅಂದಳು. ಈಗ ಬೆಳಿಗ್ಗೆ ಕೈ ಚಾಚಿದರೆ ಚಹಾಪುಡಿ ಸಿಗುತ್ತದೆ. ಸಕ್ಕರೆ ಅದರ ಪಕ್ಕದಲ್ಲೇ. ಚಹಾ ಮಾಡಿಕೊಂಡು ಕುಡಿಯುತ್ತೇನೆ. ಚೆನ್ನಾಗಿ ಆಗುತ್ತದೆ.

ನೀತಿ: ನಾಲ್ಕು ಜನ ಸೇರಿ ಮಾಡುವುದನ್ನು ನಿಮ್ಮೊಬ್ಬರ ಅಳತೆಗೆ ಮಾಡಬೇಡಿ. ನಿಮ್ಮ ಸರದಿ ಅರ್ಧಕ್ಕೆ ಮುಗಿಯುತ್ತದೆ. ಉಳಿದದ್ದನ್ನು ಮುಗಿಸುವವರು ಬೇರೆ. ಅವರಿಗೆ ಜಾಗ ಇಟ್ಟು ಕಟ್ಟಿ. ಇಳಿಯುವಾಗ ಪಟ್ಟಿ ಸಡಿಲು ಮಾಡಿ ಇಳಿಯಿರಿ.